ತೆರೆಯ ಮೇಲಿನ ಟಿನ್‌ಟಿನ್: ರಸಿಕರಿಗೊಂದು ಕೈಪಿಡಿ

ಮೆಚ್ಚಿನ ಚಿತ್ರಕಥಾ ಪುಸ್ತಕವೊಂದು ಸಿನಿಮಾ ಆಗುತ್ತಿದೆ ಎಂಬ ಸುದ್ದಿ ಬಂದ ಕೂಡಲೇ ಅಭಿಮಾನಿಗಳಲ್ಲಿ ಏಳುವ ಆಸೆ, ಅನುಮಾನಗಳೆರಡೂ ಬಹುಮಟ್ಟಿಗೆ ವೇಷದ ಸುತ್ತಲೇ ಸುಳಿಯುತ್ತವೆ: ನಾಯಕನ ಮುಂಗೂದಲು ಸರಿಯಾಗಿ ಎದ್ದು ನಿಂತಿದೆಯೇ, ನಾಯಿ ಅಷ್ಟೇ ಬೆಳ್ಳಗಿದೆಯೇ, ನಾಯಕನ ಗೆಳೆಯ ಕ್ಯಾಪ್ಟನ್ ಹ್ಯಾಡಕ್‌ನ ಬೈಗುಳಗಳು ಉಳಿದಿವೆಯೇ. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿ, ಪೀಟರ್ ಜಾಕ್ಸನ್ ನಿರ್ಮಾಣದಲ್ಲಿ ಜೊತೆಗೂಡಿ, 2011ರಲ್ಲಿ ಬಿಡುಗಡೆಯಾದ ಟಿನ್‌ಟಿನ್ ಚಿತ್ರಕ್ಕೂ ಇದೇ ಗತಿ ಒದಗಿತು. ಅಮೆರಿಕಕ್ಕಿಂತ ಮೊದಲೇ ಭಾರತದಲ್ಲಿ ತೆರೆಕಂಡ ಆ ಚಿತ್ರವನ್ನು ನೋಡಿ, ತ್ರೀಡಿ ಕನ್ನಡಕವನ್ನು ಹಿಂತಿರುಗಿಸುತ್ತಲೇ ‘ಥೇಟ್ ಪುಸ್ತಕದ ಹಾಗೆಯೇ ಇದೆ’ ಎಂದು ತೀರ್ಪು ಕೊಟ್ಟವರೂ, ‘ಪ್ರೊಫೆಸರ್ ಕ್ಯಾಲ್ಕುಲಸ್ ಎಲ್ಲಿ?’ ಎಂದು ಮುನಿಸಿಕೊಂಡವರೂ ಒಂದೇ ಬಗೆಯ ಪ್ರೇಕ್ಷಕರು. ಇಬ್ಬರೂ ಹಾಜರಿ ತೆಗೆದುಕೊಂಡರೇ ಹೊರತು ನೋಡಲಿಲ್ಲ.

ನೋಡಬೇಕಾದದ್ದು ರೇಖೆಯನ್ನು. ಟಿನ್‌ಟಿನ್‌ನನ್ನು ಸೃಷ್ಟಿಸಿದ ಬೆಲ್ಜಿಯಂನ ಎರ್ಜೆ (1907–1983) ರೂಢಿಸಿಕೊಂಡ ಚಿತ್ರಣಕ್ರಮಕ್ಕೆ ಡಚ್ ಕಲಾವಿದ ಯೋಸ್ಟ್ ಸ್ವಾರ್ಟೆ 1977ರಲ್ಲಿ ‘ಸ್ಪಷ್ಟ ರೇಖೆ’ ಎಂಬ ಅರ್ಥದ ಹೆಸರಿಟ್ಟನು. ಮನುಷ್ಯನಿರಲಿ, ಮೋಟಾರು ಕಾರಿರಲಿ, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪದ ಹೊರಗೆರೆ, ಅದರೊಳಗೆ ಏರಿಳಿತವಿಲ್ಲದ ಸಪಾಟು ಬಣ್ಣ, ನೆರಳನ್ನು ಸೂಚಿಸುವ ಗೀಚುಗೆರೆಗಳ ವರ್ಜನೆ ಇವು ಆ ಕ್ರಮದ ಲಕ್ಷಣಗಳು. ಇದು ಸರಳವೆಂದು ತೋರುವುದರಿಂದಲೇ ಮಕ್ಕಳ ಪುಸ್ತಕವೆಂಬ ತಾತ್ಸಾರಕ್ಕೆ ಗುರಿಯಾಯಿತು. ವಾಸ್ತವದಲ್ಲಿ ನೆರಳಿನ ಆಸರೆಯಿಲ್ಲದ ಇಂಥ ಚಿತ್ರದಲ್ಲಿ ಒಂದು ಗೆರೆ ತಪ್ಪಿದರೂ ಮುಚ್ಚಿಡಲು ಜಾಗವಿರುವುದಿಲ್ಲ. ಹಡಗು, ವಿಮಾನ, ಬೀದಿಗಳನ್ನು ಆಕರಗಳಿಂದ ಪರಿಶೀಲಿಸಿ ಕರಾರುವಾಕ್ಕಾಗಿ ಬಿಡಿಸುವ ಎರ್ಜೆ, ಅವುಗಳ ನಡುವೆ ಓಡಾಡುವ ನಾಯಕನ ಮುಖಕ್ಕೆ ಮಾತ್ರ ಎರಡು ಚುಕ್ಕೆ ಮತ್ತು ಒಂದು ಪುಟ್ಟ ಮೂಗನ್ನಷ್ಟೇ ಕೊಡುತ್ತಾನೆ. ಆ ಖಾಲಿ ಮುಖದಲ್ಲಿ ಓದುಗನು ತನ್ನ ಭಯವನ್ನೂ ಕುತೂಹಲವನ್ನೂ ತುಂಬಿಕೊಳ್ಳುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಕಾಲದ್ದು. ತನ್ನ ಚಿತ್ರಗಳಲ್ಲಿ ತನಗೇ ತೃಪ್ತಿ ಕೊಟ್ಟವೆಂದು ಎರ್ಜೆ ಎರಡು ಚೌಕಗಳನ್ನು ಹೆಸರಿಸಿದ್ದನು. ಎರಡೂ ಸ್ಪೀಲ್‌ಬರ್ಗ್ ತನ್ನ ಚಿತ್ರಕ್ಕೆ ಆಧಾರವಾಗಿ ಬಳಸಿಕೊಂಡ ಪುಸ್ತಕಗಳಲ್ಲಿಯೇ ಇರುವುದು ಗಮನಾರ್ಹ. ‘ದ ಕ್ರ್ಯಾಬ್ ವಿತ್ ದ ಗೋಲ್ಡನ್ ಕ್ಲಾಸ್’ನಲ್ಲಿ ಹ್ಯಾಡಕ್‌ನ ಆರ್ಭಟಕ್ಕೆ ಮರುಭೂಮಿಯ ದಾಳಿಕೋರರು ಕಂಗೆಟ್ಟು ಪಲಾಯನ ಮಾಡುವ ಚೌಕ ಮೊದಲನೆಯದು. ಅಲ್ಲಿ ಒಬ್ಬನು ಮರಳಿನ ಮೇಲೆ ಮಲಗಿದ್ದಾನೆ, ಇನ್ನೊಬ್ಬನು ಏಳುತ್ತಿದ್ದಾನೆ, ಮತ್ತೊಬ್ಬನು ಅನುಮಾನಿಸುತ್ತಿದ್ದಾನೆ, ಮಗದೊಬ್ಬನು ಓಟ ಕಿತ್ತಿದ್ದಾನೆ. ಅವರು ಬೇರೆ ಬೇರೆ ಜನ ಹೌದು; ಆದರೆ ಒಬ್ಬನೇ ಮನುಷ್ಯನ ಅನುಕ್ರಮವಾದ ನಾಲ್ಕು ಕ್ಷಣಗಳೆಂದೂ ಅವರನ್ನು ಓದಬಹುದು, ಆಗ ಒಂದು ಚಲನೆಯಿಡೀ ಸ್ಥಿರಚಿತ್ರವೊಂದರಲ್ಲಿ ಹರಡಿಕೊಂಡಂತಾಗುತ್ತದೆ. ಪ್ರಸ್ತುತ ಲೇಖಕನ ಕಣ್ಣು ತೆರೆಸಿದ್ದು ಈ ಚೌಕವೇ; ಆ ಪುಟದ ನಂತರ ಕಥೆಯ ಓಟಕ್ಕಾಗಿ ಪುಟ ಮಗುಚುವ ಅಭ್ಯಾಸ ಅವನಲ್ಲಿ ಉಳಿಯಲಿಲ್ಲ. ಎರಡನೆಯ ಚೌಕ ‘ರೆಡ್ ರ‍್ಯಾಕಮ್ಸ್ ಟ್ರೆಶರ್’ನದು: ದ್ವೀಪದ ಮರಳಿನ ಮೇಲೆ ನಡೆದು ಬರುತ್ತಿರುವ ಹ್ಯಾಡಕ್, ಹಿಂದೆ ದಡ ಸೇರಿದ ದೋಣಿ, ಅದರಾಚೆ ಲಂಗರು ಹಾಕಿದ ಹಡಗು. ಪ್ರಯಾಣ ಮುಗಿಯಿತು, ದೋಣಿ ಇಳಿಸಿದರು, ಹುಟ್ಟು ಹಾಕಿದರು ಎಂಬುದನ್ನೆಲ್ಲ ಬೇರೆಯಾಗಿ ಬಿಡಿಸುವ ಅಗತ್ಯವೇ ಬೀಳಲಿಲ್ಲ. ಸಿನಿಮಾ ಇದನ್ನು ಒಂದಾದ ಮೇಲೊಂದರಂತೆ ತೋರಿಸಬೇಕಾಗುತ್ತದೆ, ಮತ್ತು ಎಷ್ಟು ಹೊತ್ತು ತೋರಿಸಬೇಕೆಂದು ನಿರ್ದೇಶಕನೇ ನಿರ್ಧರಿಸುತ್ತಾನೆ; ಪುಸ್ತಕದಲ್ಲಿ ಆ ಅಧಿಕಾರ ಓದುಗನ ಕಣ್ಣಿನದು. ಅಭಿಮಾನಿಗಳು ಅನುಮಾನಪಡಬೇಕಾದ ಜಾಗ ಇದು, ಮುಂಗೂದಲಲ್ಲ.

ಸ್ಪೀಲ್‌ಬರ್ಗ್‌ನ ತಂಡ ಆರಿಸಿಕೊಂಡ ದಾರಿ ಮೋಷನ್ ಕ್ಯಾಪ್ಚರ್, ಎಂದರೆ ನಟರ ಚಲನವಲನಗಳನ್ನು ದಾಖಲಿಸಿಕೊಂಡು ಅವುಗಳ ಆಧಾರದ ಮೇಲೆ ಕಂಪ್ಯೂಟರಿನಲ್ಲಿ ಪಾತ್ರಗಳನ್ನು ರೂಪಿಸುವ ತಂತ್ರ. ಇದರಿಂದ ಟಿನ್‌ಟಿನ್‌ಗೆ ಚರ್ಮ ಬಂತು, ಚರ್ಮದ ಮೇಲೆ ಬೆಳಕು ಬಿತ್ತು, ಚುಕ್ಕೆಗಳಿದ್ದಲ್ಲಿ ಒದ್ದೆ ಕಣ್ಣುಗಳು ಮೂಡಿದವು; ಓದುಗನು ತುಂಬಬೇಕಿದ್ದ ಮುಖವನ್ನು ಬೇರೆಯವರು ಮೊದಲೇ ತುಂಬಿಟ್ಟರು. ಈ ನಷ್ಟದ ಅರಿವು ನಿರ್ದೇಶಕನಿಗೂ ಇತ್ತೆಂಬುದಕ್ಕೆ ಆರಂಭದ ಸಂತೆಯ ದೃಶ್ಯವೇ ಸಾಕ್ಷಿ. ಅಲ್ಲಿ ಎರ್ಜೆಯನ್ನೇ ಹೋಲುವ ಬೀದಿ ಕಲಾವಿದನೊಬ್ಬ ನಾಯಕನ ಭಾವಚಿತ್ರ ಬರೆದು ಕೊಡುತ್ತಾನೆ, ಕಾಗದದ ಮೇಲೆ ಕಾಣುವುದು ಪುಸ್ತಕದ ಆ ಚುಕ್ಕೆಗಣ್ಣಿನ ಹಳೆಯ ಮುಖ.

ಆದರೆ ಸಿನಿಮಾ ಸೋತೇ ಸೋಲುತ್ತದೆ ಎಂಬ ಪಂಡಿತರ ಹಟವನ್ನೂ ಒಪ್ಪಲಾಗದು. ‘ದ ಸೀಕ್ರೆಟ್ ಆಫ್ ದ ಯೂನಿಕಾರ್ನ್’ ಪುಸ್ತಕದಲ್ಲಿ ಹ್ಯಾಡಕ್ ತನ್ನ ಪೂರ್ವಜನ ಕಡಲಕಾಳಗವನ್ನು ಮನೆಯೊಳಗೇ ಕತ್ತಿ ಝಳಪಿಸುತ್ತ ಅಭಿನಯಿಸುವಾಗ, ಚೌಕದಿಂದ ಚೌಕಕ್ಕೆ ಪೂರ್ವಜನೂ ವಂಶಜನೂ ಒಂದೇ ಭಂಗಿಯಲ್ಲಿ ಅದಲುಬದಲಾಗುತ್ತಾರೆ. ಚಿತ್ರವು ಈ ಕಥನವನ್ನು ಮರುಭೂಮಿಗೆ ಒಯ್ದು, ಮರಳಿನ ದಿಬ್ಬಗಳನ್ನೇ ಅಲೆಗಳನ್ನಾಗಿಸಿ, ಅವುಗಳ ನೆತ್ತಿಯ ಮೇಲೆ ಹಡಗನ್ನು ಎಬ್ಬಿಸಿ ನಿಲ್ಲಿಸಿತು. ಎರಡು ಚೌಕಗಳ ನಡುವಿನ ಬಿಳಿಯ ಸಂದಿನಲ್ಲಿ ಓದುಗನು ಮನಸ್ಸಿನಲ್ಲೇ ಮಾಡಿಕೊಳ್ಳುತ್ತಿದ್ದ ಜಿಗಿತಕ್ಕೆ ಸಿನಿಮಾ ತನ್ನದೇ ಭಾಷೆಯಲ್ಲಿ ಸಮಾನವಾದದ್ದನ್ನು ಕಂಡುಕೊಂಡದ್ದು ಇಲ್ಲಿ ಮಾತ್ರ. ಜನಸಾಮಾನ್ಯರು ಹೊಗಳುವ, ಕತ್ತರಿಯಿಲ್ಲದ ಒಂದೇ ಶಾಟ್‌ನಂತೆ ಸಾಗುವ ಬೆನ್ನಟ್ಟುವ ದೃಶ್ಯ ಇದಕ್ಕೆ ತದ್ವಿರುದ್ಧ. ಅದು ಕಣ್ಣಿಗೆ ಬಿಡುವು ಕೊಡದ ಕಸರತ್ತು, ಎರ್ಜೆಯ ಮಿತವ್ಯಯಕ್ಕೆ ಅದರಲ್ಲಿ ಜಾಗವೇ ಇಲ್ಲ.

ಕಥೆಯಲ್ಲಿ ಮಾಡಿದ ಬದಲಾವಣೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪುಸ್ತಕದಲ್ಲಿ ಬರಿಯ ಸಂಗ್ರಾಹಕನಾದ ಸಖಾರಿನ್ ಚಿತ್ರದಲ್ಲಿ ಖಳನಾದನು, ಚಿತ್ರಕ್ಕೆ ಆಧಾರವಾದ ಈ ಮೂರೂ ಪುಸ್ತಕಗಳಲ್ಲಿ ಇಲ್ಲದ ಗಾಯಕಿ ಕ್ಯಾಸ್ಟಫಿಯೋರೆ ಬಂದು ಹಾಡಿ ಗಾಜು ಒಡೆದಳು. ಇಂಥವುಗಳಿಂದ ಮೂಲಕ್ಕೆ ಕುಂದಿಲ್ಲ. 1961 ಮತ್ತು 1964ರಲ್ಲಿ ಮನುಷ್ಯ ನಟರನ್ನು ಹಾಕಿ ತೆಗೆದ ಎರಡು ಚಿತ್ರಗಳನ್ನು ನೋಡದಿದ್ದರೂ ನಷ್ಟವಿಲ್ಲ.

ಹೊಸಬರು ಚಿತ್ರದಿಂದ ಆರಂಭಿಸಬಾರದು. ಮೊದಲು ಮರುಭೂಮಿಯ ಆ ಚೌಕವನ್ನು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ನೋಡಿ, ಬಳಿಕ 1963ರ ‘ದ ಕ್ಯಾಸ್ಟಫಿಯೋರೆ ಎಮರಾಲ್ಡ್’ ಓದಬೇಕು. ಸಾಹಸಯಾತ್ರೆಯೇ ಇಲ್ಲದೆ, ಒಂದು ಮನೆ ಮತ್ತು ಅದರ ಸುತ್ತಮುತ್ತಲಿನಲ್ಲಿಯೇ ಅರವತ್ತೆರಡು ಪುಟ ನಡೆಯುವ ಆ ಕೃತಿ ಬೇಸರ ತರಿಸಿದರೆ, ಸ್ಪೀಲ್‌ಬರ್ಗ್‌ನ ಚಿತ್ರವೇ ಅಂಥವರಿಗೆ ಸಾಕು.