ಲಂಬಾಣಿ ಸ್ತ್ರೀಯರ ಉಡುಗೆ-ತೊಡುಗೆ

ಅಶೋಕನ ಹೆಸರನ್ನು ಹೊತ್ತ ಶಾಸನವು 1915ರಲ್ಲಿ ದೊರೆತ ರಾಯಚೂರು ಸೀಮೆಯ ಮಸ್ಕಿಯಲ್ಲಿಯೇ 1954ರ ಉತ್ಖನನವು ಬಗೆಬಗೆಯ ಕಲ್ಲುಮಣಿಗಳನ್ನು ಬೆಳಕಿಗೆ ತಂದಿತು. ಲಿಂಗಸೂಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ಬಂಗಾರವನ್ನು ಅಗೆಯುತ್ತಾರೆ. ಅಲಂಕಾರಪ್ರಿಯತೆಗೆ ಇಷ್ಟು ಪುರಾತನ ಸಾಕ್ಷ್ಯವುಳ್ಳ ಈ ಸೀಮೆಯಲ್ಲಿ ಅದನ್ನು ಒಂದು ಸಮಗ್ರ ಕಲೆಯಾಗಿ ಬೆಳೆಯಿಸಿದವರು ಮಾತ್ರ, ನನ್ನ ಎಣಿಕೆಯಲ್ಲಿ, ಈಚೆಗೆ ಬಂದವರು: ಮೊಗಲರ ದಂಡುಗಳಿಗೆ ಧಾನ್ಯ ಹೇರಿಕೊಂಡು ಎತ್ತುಗಳೊಡನೆ ದಕ್ಷಿಣಕ್ಕೆ ಇಳಿದ ಲಂಬಾಣಿಗರು.

ಹಳೆಯ ಕಾಂಚಳಿಯೊಂದನ್ನು ಕೈಗೆತ್ತಿಕೊಂಡು ನೋಡಬೇಕು. ಬೆನ್ನಿನ ಮೇಲೆ ಲಾಡಿ ಕಟ್ಟುವ ಈ ರವಿಕೆಯ ಎದೆಭಾಗದಲ್ಲಿ, ಪ್ರತಿಯೊಂದು ಕನ್ನಡಿಚೂರನ್ನೂ ಅಂಟಿನ ಹಂಗಿಲ್ಲದೆ ಮೊದಲು ಅಡ್ಡ-ಉದ್ದ ನೂಲುಗಳಿಂದ ಬಿಗಿದು, ಬಳಿಕ ಆ ನೂಲುಗಳನ್ನೇ ಸುತ್ತಲೂ ಸೆಳೆದು ಹೊಲಿದು, ದಾರದಿಂದಲೇ ಅದಕ್ಕೊಂದು ಚೌಕಟ್ಟನ್ನು ಕಟ್ಟಿರುತ್ತಾರೆ. ಅಂಚಿಗೆ ಕವಡೆ, ಚಲಾವಣೆ ತಪ್ಪಿದ ನಾಣ್ಯ. ಫೇಟಿಯಾ ಎಂಬ ಲಂಗದ ಭಾರವು ಸೊಂಟಪಟ್ಟಿಯಲ್ಲಿಯೂ ಕೆಳಅಂಚಿನಲ್ಲಿಯೂ ನೆಲೆಸಿರುವುದರಿಂದ ನಡುವಿನ ಬಟ್ಟೆ ನೆರಿಗೆಗಟ್ಟಿ ತೂಗುತ್ತದೆ. ಕೆಂಪಿನ ಏಕತಾನವನ್ನು ಕನ್ನಡಿಯ ಹೊಳಪು ಒಡೆಯುತ್ತದೆ. ಕೆನ್ನೆಗಳ ಪಕ್ಕದಲ್ಲಿ ಜೋಲುವ ಘುಗರಿ ಎಂಬ ಆಭರಣದ ದನಿಯಂತೂ ನಡಿಗೆಯಿಲ್ಲದೆ ಹುಟ್ಟದು. ಆದುದರಿಂದ ಈ ಉಡುಗೆಯ ಗುಣದೋಷಗಳನ್ನು ತೊಟ್ಟವಳು ನಡೆಯುವಾಗಲೇ ತೂಗಿನೋಡತಕ್ಕದ್ದು.

ಕನ್ನಡಿ ದೃಷ್ಟಿಪರಿಹಾರಕ್ಕೆ, ಕವಡೆ ಸಂಪತ್ತಿಗೆ ಎಂದು ಒಂದೊಂದಕ್ಕೂ ಅರ್ಥ ಹಚ್ಚುವವರು ಬಹಳ. ಈ ಸುಲಭ ವ್ಯಾಖ್ಯಾನಗಳಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಘುಗರಿ-ಟೋಪ್ಲಿ ಎಂಬ ತಲೆಯ ಆಭರಣಗಳು ಮತ್ತು ಮೊಳಕೈ ಮೇಲಣ ಚೂಡೊ ಬಳೆಗಳು ಮುತ್ತೈದೆಯವು, ಗಂಡನು ಸತ್ತೊಡನೆ ಕಳಚಬೇಕಾದವು. ಸಂಕೇತವು ಜೀವಂತವಾಗಿರುವುದು ಈ ಕಟ್ಟಳೆಯಲ್ಲಿ. ಚೆಲುವನ್ನು ಹೊಗಳಿ ಈ ಕಠೋರತೆಯನ್ನು ಮರೆಮಾಚುವ ವಿಮರ್ಶೆ ಅರೆಬೆಂದದ್ದು.

ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಮಿಕ್ಕ ಲಂಬಾಣಿ ಸ್ತ್ರೀಯರ 1755 ಕಸೂತಿ ವಸ್ತುಗಳು 2023ರ ಜುಲೈಯಲ್ಲಿ ಹಂಪಿಯಲ್ಲಿ ಪ್ರದರ್ಶಿತವಾಗಿ ಗಿನ್ನೆಸ್ ದಾಖಲೆಯಾದವು. ಕೂಲಿಯೂ ಮರ್ಯಾದೆಯೂ ದೊರೆತದ್ದು ಸಂತೋಷವೇ. ಆದರೆ ಚೀಲಕ್ಕೂ ದಿಂಬಿಗೂ ಇಳಿದ ತುಂಡಿನಲ್ಲಿ ಹೊಲಿಗೆ ಉಳಿದು, ಭಾರದ ಮತ್ತು ಚಲನೆಯ ಆ ಸಂಯೋಜನೆ ಅಳಿದಿದೆ. ಪೇಟೆಗೆ ಬಂದ ಕಲೆ ಮೈಯನ್ನು ಬಿಡಲೇಬೇಕೆಂದಿಲ್ಲ: ಅಮೆರಿಕದ ನ್ಯೂ ಮೆಕ್ಸಿಕೋದ ಝೂನಿ ಜನರು ಹತ್ತೊಂಬತ್ತನೆಯ ಶತಮಾನದಲ್ಲಿ ನೆರೆಯ ನವಾಹೊ ಜನರಿಂದ ಬೆಳ್ಳಿಗೆಲಸವನ್ನು ಕಲಿತು, ಅದರಲ್ಲಿ ಹಸಿರುನೀಲಿಯ ಫಿರೋಜಾ ಕಲ್ಲು, ಹವಳ, ಚಿಪ್ಪುಗಳನ್ನು ಕೂರಿಸಿ ಪ್ರವಾಸಿಗರಿಗೆ ಮಾರಿದರು. ಆದರೂ ತಮ್ಮ ಉತ್ಸವಗಳಲ್ಲಿ ತಾವೇ ಅವನ್ನು ಹೇರಳವಾಗಿ ತೊಡುತ್ತಾರೆ. ನಮ್ಮ ಲಂಬಾಣಿ ತಾಂಡಾಗಳಲ್ಲಾದರೋ ಮೈ ಬಿಟ್ಟದ್ದನ್ನು ಪೇಟೆ ಎತ್ತಿಕೊಂಡಿತು.

ಬಿಟ್ಟದ್ದಕ್ಕೆ ಯಾರನ್ನು ಬಯ್ಯೋಣ? ಸಿಂಧನೂರಿನ ಕಾಲುವೆಯ ಕೆಳಗೆ ಕೆಸರಲ್ಲಿ ಬಗ್ಗಿ ಭತ್ತ ನಾಟಿ ಮಾಡುವವಳು ಸೀರೆಯ ಮೇಲೊಂದು ಗಂಡಸರ ಅಂಗಿ ತೊಡುತ್ತಾಳೆ. ನಮ್ಮ ಕಣ್ಣಿನ ಸುಖಕ್ಕಾಗಿ ಆಕೆ ಫೇಟಿಯಾದ ಭಾರವನ್ನು ಹೊರಬೇಕೆನ್ನುವುದು ಅನ್ಯಾಯ. ಫೆಬ್ರುವರಿ 15ರಂದು, ಲಂಬಾಣಿಗರ ಸಂತ ಸೇವಾಲಾಲರ ಜಯಂತಿಯ ದಿನ, ಹುಡುಗಿಯರು ಧರಿಸುವುದು ಯಂತ್ರದ ಹೊಲಿಗೆಯ, ಪ್ಲಾಸ್ಟಿಕ್ ಕನ್ನಡಿ ಅಂಟಿಸಿದ, ಬಾಡಿಗೆಗೂ ಸಿಗುವ ಉಡುಗೆಯನ್ನು. ಕುಸುರಿಯಲ್ಲಿ ಅದು ಕೀಳೆಂಬುದರಲ್ಲಿ ಸಂಶಯವಿಲ್ಲ. ಆದರೂ ಹಲಗೆಯ ಸದ್ದಿಗೆ ಸುತ್ತು ತಿರುಗುವಾಗ ಅದರ ನೆರಿಗೆ ಅರಳುತ್ತದೆ, ಘುಗರಿ ನುಡಿಯುತ್ತದೆ. ಗಾಜಿನ ಹಿಂದೆ ತೂಗುಹಾಕಿದ ಉತ್ತಮ ಕಸೂತಿಗಿಂತ ನಾನು ಇದನ್ನೇ ಮೇಲೆಂದು ಎಣಿಸುತ್ತೇನೆ.