ವಿಶ್ವಭಾಷೆಯ ಒಂದು ಪುಟ್ಟ ಪುಸ್ತಕ

ಜಗತ್ತಿಗೆಲ್ಲ ಒಂದು ಸಾಮಾನ್ಯ ಭಾಷೆ ಬೇಕೆಂದು ಬರಿದೆ ಮಾತಾಡದೆ, ಅದನ್ನು ಕಟ್ಟಿ ತೋರಿಸಿದವರಲ್ಲಿ ಲುಡ್ವಿಕ್ ಜಾಮೆನ್‌ಹಾಫ್ ಒಬ್ಬರು. ವಾರ್ಸಾದ ಈ ಕಣ್ಣಿನ ವೈದ್ಯರು ರಚಿಸಿದ ಎಸ್ಪೆರಾಂಟೋ ಭಾಷೆಯ ಮೊದಲ ಪುಸ್ತಕ 1887ರಲ್ಲಿ ಹೊರಬಂತು. ಪುಟಗಳು ಸುಮಾರು 40. ವ್ಯಾಕರಣದ ನಿಯಮಗಳು ಬರಿಯ 16. ಕ್ರಿಯಾಪದಗಳಲ್ಲಿ ಅಪವಾದವೇ ಇಲ್ಲ. ಒಂದು ಕೋಟಿ ಜನ ಮಾತು ಕೊಟ್ಟರೆ ತಾನೂ ಕಲಿಯುವೆನೆಂದು ಓದುಗ ಸಹಿ ಮಾಡಿ ಕಳುಹಿಸಬೇಕಾದ ಚೀಟಿಗಳೂ ಅದರಲ್ಲಿದ್ದವು. ಭಾಷೆಯ ಮೇಲಿನ ಹಕ್ಕನ್ನು ಕರ್ತೃ ಅಲ್ಲಿಯೇ ಬಿಟ್ಟುಕೊಟ್ಟರು. ಇಂಥ ನಿಸ್ಪೃಹತೆ ಅಪರೂಪ.

ಆದರೆ ಸುಲಭವೆಂದರೆ ಯಾರಿಗೆ ಸುಲಭ? ಅದರ ಶಬ್ದಗಳು ಬಹುಮಟ್ಟಿಗೆ ಯುರೋಪಿನವು. ತಂದೆ 'ಪಾತ್ರೋ', ಅದಕ್ಕೇ ಪ್ರತ್ಯಯ ಹಚ್ಚಿದರೆ ತಾಯಿ 'ಪಾತ್ರೀನೋ'. ಲೆಕ್ಕವೇನೋ ಸರಿ, ಅಪ್ಪನ ಪದದಿಂದ ಅಮ್ಮನನ್ನು ಹುಟ್ಟಿಸುವ ಮಾತು ಮಾತ್ರ ನಮ್ಮ ಬಾಯಿಗೆ ಒಗ್ಗದು. ಇನ್ನು ಅಣ್ಣನೂ 'ಫ್ರಾತೋ', ತಮ್ಮನೂ 'ಫ್ರಾತೋ'!

ದೊಡ್ಡ ತೊಡಕು ಬೇರೆಯೇ ಇದೆ. ಭಾಷೆ ಹಬ್ಬುವುದು ವ್ಯಾಕರಣದ ಅಚ್ಚುಕಟ್ಟಿನಿಂದಲ್ಲ, ಅನ್ನ-ಅಧಿಕಾರಗಳ ಬೆನ್ನೇರಿ. ಅಪವಾದಗಳೇ ತುಂಬಿದ ಇಂಗ್ಲಿಷ್ ಹಬ್ಬಿದ್ದು ಹಾಗೆಯೇ. 1920ರ ದಶಕದಲ್ಲಿ ಲೀಗ್ ಆಫ್ ನೇಷನ್ಸ್‌ನಲ್ಲಿ ಎಸ್ಪೆರಾಂಟೋ ಪರವಾದ ಪ್ರಸ್ತಾಪ ಬಂದಾಗ ಫ್ರಾನ್ಸ್ ಅದನ್ನು ವಿರೋಧಿಸಿತು.

ಆದರೂ ಆ ಪ್ರಯತ್ನದ ಹಿಂದಿನ ಒಂದು ವಿಚಾರ ಸೋತಿಲ್ಲ: ಸಾಮಾನ್ಯ ಭಾಷೆ ಎಲ್ಲರಿಗೂ ಎರಡನೆಯದಾಗಿರಲಿ, ಮನೆಯ ಭಾಷೆಯ ಜಾಗಕ್ಕೆ ಬಾರದಿರಲಿ. ಕಚೇರಿಗೊಂದು, ಬೀದಿಗೊಂದು ಭಾಷೆ ಇಟ್ಟುಕೊಂಡ ಹೊರನಾಡ ಕನ್ನಡಿಗರಾದ ನಾವು ಇಂಗ್ಲಿಷನ್ನು ಅಳೆಯಬೇಕಾದದ್ದು ಈ ಕೋಲಿನಿಂದಲೇ. ವಿಶ್ವಭಾಷೆ ಯಾವುದಾದರೂ ಆಗಲಿ, ಮಗು ಅಮ್ಮನನ್ನು ಕರೆಯುವ ಮಾತು ಅದರದಾಗಬೇಕಿಲ್ಲ.