ಸಿಸೆರೋವಿನ ದೇವತಾಸ್ವರೂಪವಿಚಾರ

ಈಶ್ವರನಿದ್ದಾನೆಯೇ ಎಂಬ ಪ್ರಶ್ನೆಗಿಂತಲೂ, ಇದ್ದರೆ ಅವನಿಗೆ ನಮ್ಮ ಯೋಗಕ್ಷೇಮದ ಚಿಂತೆಯುಂಟೇ ಎಂಬ ಪ್ರಶ್ನೆಯೇ ಮನುಷ್ಯನನ್ನು ಹೆಚ್ಚಾಗಿ ಕಾಡಿರುವುದು. ಈ ಪ್ರಶ್ನೆಯನ್ನು ದಾಕ್ಷಿಣ್ಯವಿಲ್ಲದೆ ಚರ್ಚಿಸಿದ ಪ್ರಾಚೀನ ಗ್ರಂಥಗಳಲ್ಲಿ, ರೋಮಿನ ಸಿಸೆರೋ ಪಂಡಿತನು ಕ್ರಿ. ಪೂ. 45ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ರಚಿಸಿ ಬ್ರೂಟಸನಿಗೆ ಅರ್ಪಿಸಿದ, ದೇವತೆಗಳ ಸ್ವರೂಪವನ್ನು ಕುರಿತ ಮೂರು ಅಧ್ಯಾಯಗಳ ಸಂವಾದವು ಮುಖ್ಯವಾದುದು. ದೈವಪರವಾದ ಯುಕ್ತಿಗಳನ್ನು ಇದರಲ್ಲಿ ಖಂಡಿಸುವವನು ಸ್ವತಃ ಪುರೋಹಿತನು. ಆದಕಾರಣ ಆತನನ್ನು ಕಪಟಿಯೆಂದು ಭಾವಿಸುವುದು ಸುಲಭ. ಗ್ರಂಥವನ್ನು ಕಡೆಯವರೆಗೆ ಓದಿದವರಿಗೆ ಹಾಗೆ ತೋರಲಾರದೆಂದು ನನ್ನ ಅಭಿಪ್ರಾಯ.

ಸಂವಾದವು ಕೋಟ್ಟಾ ಎಂಬವನ ಮನೆಯಲ್ಲಿ, ಲ್ಯಾಟಿನ್ ಉತ್ಸವದ ಬಿಡುವಿನಲ್ಲಿ ನಡೆದಂತೆ ಕಲ್ಪಿತವಾಗಿದೆ. ವೆಲ್ಲೀಯಸನು ಎಪಿಕ್ಯೂರಸನ ಮತದವನು, ಬಾಲ್ಬಸನು ಸ್ಟೋಯಿಕನು, ಕೋಟ್ಟಾ ಯಾವ ಸಿದ್ಧಾಂತವನ್ನೂ ನಿಶ್ಚಿತವೆಂದೊಪ್ಪದ ಅಕಾಡೆಮಿ ಪಂಥದವನಾಗಿದ್ದೂ ರಾಜ್ಯದ ಪುರೋಹಿತಮಂಡಲಿಗೆ ಸೇರಿದವನು. ಯುವಕನಾದ ಸಿಸೆರೋ ಕೇಳುತ್ತ ಕುಳಿತಿರುವನು. ವೆಲ್ಲೀಯಸನ ದೇವತೆಗಳು ನಿತ್ಯಸುಖಿಗಳು, ಲೋಕದ ಗೊಡವೆಯಿಲ್ಲದವರು. ಅಂಥವರಿಗೆ ಪೂಜೆಯೇತಕ್ಕೆಂದು ಕೋಟ್ಟಾ ಮೊದಲನೆಯ ಅಧ್ಯಾಯದಲ್ಲಿಯೇ ಆ ವಾದವನ್ನು ಮುರಿಯುತ್ತಾನೆ.

ಎರಡನೆಯ ಅಧ್ಯಾಯವೆಲ್ಲ ಬಾಲ್ಬಸನದು. ಸುಮಾರು ಕ್ರಿ. ಪೂ. 300ರಲ್ಲಿ ಅಥೆನ್ಸಿನ ಚಿತ್ರಮಂಟಪದಲ್ಲಿ ಜೀನೋ ಬೋಧಿಸತೊಡಗಿದ ಸ್ಟೋಯಿಕ ಮತದಂತೆ ದೇವರು ಜಗತ್ತಿನಾಚೆ ಇರುವವನಲ್ಲ. ಜಗತ್ತನ್ನು ಒಳಗಿನಿಂದ ವ್ಯಾಪಿಸಿ ನಡೆಸುವ ಬುದ್ಧಿಯೇ, ಸೃಷ್ಟಿಕುಶಲವಾದ ಅಗ್ನಿಯೇ ದೇವರು. ಜೂನೋ, ನೆಪ್ಚೂನ್ ಎಂಬಿವು ವಾಯು, ಸಮುದ್ರಗಳಲ್ಲಿ ಹರಡಿರುವ ಆ ಶಕ್ತಿಗೆ ಬಂದ ಹೆಸರುಗಳು. ಗ್ರಹಗತಿಗಳನ್ನು ತೋರಿಸುವ ಪೊಸಿಡೋನಿಯಸನ ಗೋಲಯಂತ್ರವನ್ನು ಬ್ರಿಟನ್ನಿನ ಅನಾಗರಿಕರ ಮುಂದಿಟ್ಟರೂ ಬುದ್ಧಿಯುಳ್ಳವನೇ ಅದನ್ನು ಮಾಡಿದನೆಂದು ಅವರು ಅರಿಯುವರು. ಹಾಗಿರಲು ನಿಜವಾದ ಖಗೋಲವು ತಾನಾಗಿಯೇ ಆಯಿತೆನ್ನುವುದೆಂತು? ಅಕ್ಷರಗಳನ್ನು ರಾಶಿಯಾಗಿ ನೆಲಕ್ಕೆ ಚೆಲ್ಲಿದರೆ ಎನ್ನಿಯಸ್ ಕವಿಯ ಚರಿತ್ರಕಾವ್ಯವು ಮೂಡೀತೇ? ಹೀಗೆ ಆತನ ವಾದ.

ಘಟವನ್ನು ಕಂಡು ಕುಂಭಕಾರನನ್ನು ಊಹಿಸುವ ನಮ್ಮ ನೈಯಾಯಿಕರ ಅನುಮಾನವನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ದೃಷ್ಟಾಂತದಲ್ಲಿ ಒಂದು ದೋಷವಿದೆ. ಯಂತ್ರವನ್ನು ಮಾಡಿದವನು ಯಂತ್ರಕ್ಕೆ ಹೊರಗಿನವನು, ನಿಮಿತ್ತಕಾರಣ ಮಾತ್ರ. ಸ್ಟೋಯಿಕರ ದೇವರಾದರೋ ಜಗತ್ತಿನಲ್ಲಿಯೇ ಬೆರೆತವನು. ಹೊರಗಿನ ಶಿಲ್ಪಿಯನ್ನು ತೋರಿಸುವ ದೃಷ್ಟಾಂತದಿಂದ ಒಳಗಿನ ಚೈತನ್ಯವು ಸಿದ್ಧಿಸದು. ಬೀಜವು ವೃಕ್ಷವಾಗುವ ರೀತಿಯೇ ಆ ಮತಕ್ಕೆ ಹೆಚ್ಚು ಹೊಂದುವುದು. ಸಸ್ಯಗಳ, ಪ್ರಾಣಿಗಳ ಬೆಳವಣಿಗೆಯನ್ನು ವರ್ಣಿಸುವಲ್ಲಿ ಬಾಲ್ಬಸನ ಮಾತು ಯಂತ್ರದ ಮಾತಿಗಿಂತ ಗಟ್ಟಿಯಾಗಿದೆ.

ಮೂರನೆಯ ಅಧ್ಯಾಯದಲ್ಲಿ ಕೋಟ್ಟಾ ಪ್ರತ್ಯುತ್ತರ ಕೊಡುತ್ತಾನೆ. ಇದರ ಒಂದು ಭಾಗವು ಲುಪ್ತವಾಗಿದ್ದರೂ ಉಳಿದುದೇ ಸಾಕಷ್ಟಿದೆ. ಪೂರ್ವಿಕರಿಂದ ಬಂದ ಕರ್ಮಗಳನ್ನು ತಾನು ಬಿಡುವವನಲ್ಲವೆಂದೂ, ಯುಕ್ತಿಯನ್ನು ಹಿರಿಯರಿಂದಲ್ಲ, ತತ್ತ್ವಜ್ಞನಾದ ಬಾಲ್ಬಸನಿಂದಲೇ ಬಯಸುವೆನೆಂದೂ ಮೊದಲೇ ಸ್ಪಷ್ಟಪಡಿಸುತ್ತಾನೆ. ಆಮೇಲೆ ಪ್ರಶ್ನೆಗಳ ಸುರಿಮಳೆ. ದೇವತೆಗಳು ಸಜ್ಜನರನ್ನು ಕಾಯುವರಾದರೆ ತನ್ನ ಸೋದರಮಾವನಾದ ನಿರಪರಾಧಿ ರುಟೀಲಿಯಸನು ದೇಶಭ್ರಷ್ಟನಾದುದೇಕೆ? ಪ್ರಧಾನ ಪುರೋಹಿತನಾದ ಸ್ಕೀವೋಲಾ ವೆಸ್ಟಾದೇವಿಯ ಮೂರ್ತಿಯೆದುರಿಗೇ ಹತನಾದುದೇಕೆ? ದೇವಾಲಯಗಳನ್ನು ಸೂರೆಗೊಂಡ ಸಿರಾಕ್ಯೂಸಿನ ಡಯೊನೀಸಿಯಸನು ಹಾಸಿಗೆಯ ಮೇಲೆಯೇ ಸತ್ತುದೇಕೆ? ಸಾಮೊಥ್ರೇಸ್ ದ್ವೀಪದಲ್ಲಿ, ಬಿರುಗಾಳಿಯಿಂದ ಪಾರಾದವರು ಹರಕೆಯಾಗಿ ಒಪ್ಪಿಸಿದ ಚಿತ್ರಗಳನ್ನು ಮಿತ್ರನೊಬ್ಬನು ತೋರಿಸಲು, ಮುಳುಗಿಹೋದವರು ಚಿತ್ರ ಬರೆಯಿಸಲಾರರೆಂಬುದನ್ನು ಡಯಾಗೊರಸನು ಅವನಿಗೆ ನೆನಪಿಸಿದನಂತೆ. ಈ ಕಥೆಯನ್ನು ಪುರೋಹಿತನ ಬಾಯಿಂದಲೇ ಕೇಳುತ್ತೇವೆ.

ಇದು ಕಾಪಟ್ಯವೇ? ಕೋಟ್ಟಾ ಕೆಡಹಿದುದು ಪೂಜೆಗೆ ಆಸರೆಯಾಗಿ ಕೊಟ್ಟ ಊರೆಗೋಲನ್ನು. ಪೂಜೆಯನ್ನು ಆತನು ಮುಟ್ಟಲಿಲ್ಲ. ದುರ್ಬಲವಾದ ಅನುಮಾನದ ಮೇಲೆ ಭಕ್ತಿಯನ್ನು ನಿಲ್ಲಿಸಿದವನು, ಅನುಮಾನವು ಕುಸಿದ ದಿನ ಭಕ್ತಿಯನ್ನೂ ಕಳೆದುಕೊಳ್ಳುವನು. ಇದನ್ನು ಕಂಡವನ ಎಚ್ಚರಿಕೆ ಆತನದು. ಆದರೂ ಆತನ ನಿಲವು ಪೂರ್ಣವಲ್ಲ. ಹಿರಿಯರ ಆಚಾರವು ರಾಜ್ಯವನ್ನು ಹಿಡಿದು ನಿಲ್ಲಿಸಬಹುದು; ದುಃಖದಲ್ಲಿರುವವನಿಗೆ ಅದು ಏನನ್ನು ಹೇಳುವುದು? ಇದಕ್ಕೆ ಕೋಟ್ಟಾ ಉತ್ತರ ಕೊಡುವುದಿಲ್ಲ.

ಗ್ರಂಥಕರ್ತನಿಗೆ ಇದು ಹೊರಗಿನ ಪ್ರಶ್ನೆಯಾಗಿರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಆತನ ಅಚ್ಚುಮೆಚ್ಚಿನ ಮಗಳಾದ ಟುಲ್ಲಿಯಾ ತೀರಿಕೊಂಡಿದ್ದಳು. ಸೀಸರನ ಏಕಾಧಿಪತ್ಯದಿಂದ ರಾಜ್ಯಕಾರ್ಯವೂ ಕೈತಪ್ಪಿತ್ತು. ತನ್ನನ್ನು ತತ್ತ್ವವಿಚಾರಕ್ಕೆ ತಂದ ಕಾರಣಗಳಲ್ಲಿ ಮನೋವ್ಯಥೆಯೂ ಒಂದೆಂದು ಪೀಠಿಕೆಯಲ್ಲಿ ಸೂಚಿಸಿದ್ದಾನೆ. ಹೀಗಿದ್ದೂ ಮುಳುಗಿದವರ ಪ್ರಶ್ನೆಯನ್ನು ಆತನು ಮರೆಮಾಚಲಿಲ್ಲ. ಅದಕ್ಕೆ ಸುಲಭವಾದ ಸಮಾಧಾನವನ್ನೂ ಹೇಳಲಿಲ್ಲ. ಕಡೆಯಲ್ಲಿ ಮಾತ್ರ, ಕೋಟ್ಟಾನ ಪಂಥಕ್ಕೇ ಸೇರಿದವನಾಗಿಯೂ, ಬಾಲ್ಬಸನ ಮಾತು ಸತ್ಯದ ಹೋಲಿಕೆಗೆ ಹೆಚ್ಚು ಸಮೀಪವಾಗಿ ತನಗೆ ತೋರಿತೆಂದು ಮುಗಿಸುತ್ತಾನೆ.

ಇದನ್ನು ಲೋಕಭಯದ ಮಾತೆಂದು ತಳ್ಳಿಹಾಕಬಹುದು. ಆತನೂ ರಾಜ್ಯದ ಶಕುನಾಧಿಕಾರಿಯಾಗಿದ್ದನಷ್ಟೆ. ನನಗೆ ಹಾಗೆ ತೋರದು. ಭಯಪಟ್ಟವನು ಕೋಟ್ಟಾನ ವಾದವನ್ನು ಇಷ್ಟು ಬಲವಾಗಿ ಬರೆಯುತ್ತಿರಲಿಲ್ಲ. ಪೂರ್ವಪಕ್ಷಕ್ಕೆ ಪೂರ್ಣನ್ಯಾಯವನ್ನು ಸಲ್ಲಿಸಿ, ಸಿದ್ಧಾಂತವನ್ನು ಇಷ್ಟು ಮೆಲ್ಲಗೆ ನುಡಿಯುವ ಗ್ರಂಥಗಳು ವಿರಳ. ಆಸ್ತಿಕರಾದ ವಾಚಕರು ಎರಡನೆಯ ಅಧ್ಯಾಯಕ್ಕೇ ತೃಪ್ತರಾಗಿ ಪುಸ್ತಕವನ್ನು ಮುಚ್ಚದೆ, ಮೂರನೆಯದನ್ನೂ ಅವಶ್ಯವಾಗಿ ಓದಬೇಕೆಂದು ನನ್ನ ವಿಜ್ಞಾಪನೆ.